ಅಮ್ಮನಿಲ್ಲದ ಮನೆಯಲ್ಲಿ ಅಪ್ಪ, ಮಗಳು: ಮೊದಲ ವರ್ಷದ ಕೈಪಿಡಿ

ಹೆಂಡತಿ ತೀರಿಕೊಂಡ ಮನೆಯಲ್ಲಿ ಹದಿಮೂರರಿಂದ ಹದಿನೇಳರೊಳಗಿನ ಮಗಳಿದ್ದರೆ ಅಪ್ಪನ ಮೇಲೆ ಒಂದೇ ಸಲ ಎರಡು ಕೆಲಸ ಬೀಳುತ್ತವೆ. ತನ್ನ ಸಂಕಟವನ್ನು ತಾನು ಅನುಭವಿಸಬೇಕು, ಮಗಳ ಸಂಕಟಕ್ಕೂ ಜಾಗ ಮಾಡಿಕೊಡಬೇಕು. ಇಂಥ ಮನೆಗಳು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮಗಳಿಗೆ ನೋವಾದೀತೆಂದು ಅಪ್ಪ ಅಮ್ಮನ ಸುದ್ದಿ ಎತ್ತುವುದಿಲ್ಲ. ಅಪ್ಪ ಕುಸಿದುಬಿಟ್ಟಾರೆಂದು ಮಗಳೂ ಎತ್ತುವುದಿಲ್ಲ. ಕೆಲವೇ ತಿಂಗಳಲ್ಲಿ ಮನೆಯಲ್ಲಿ "ಊಟ ಆಯ್ತಾ", "ಫೀಸು ಕಟ್ಟಬೇಕು" ಬಿಟ್ಟರೆ ಬೇರೆ ಮಾತೇ ಉಳಿದಿರುವುದಿಲ್ಲ. ಈ ಮೌನ ಗಟ್ಟಿಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ವಿಷಯ. ಕಾಗದಪತ್ರದ ಕೆಲಸವನ್ನೂ ಸೇರಿಸಿದ್ದೇವೆ. ತಲೆ ಓಡದ ದಿನಗಳಲ್ಲೇ ಅದರ ಗಡುವುಗಳು ಬರುತ್ತವೆ, ತಪ್ಪಿದರೆ ನಷ್ಟವಾಗುವುದು ಮಗಳಿಗೂ ಹೌದು.

ಮೊದಲ ಹದಿಮೂರು ದಿನ

ಅಮ್ಮನ ಮುಖ ಕೊನೆಯ ಸಲ ನೋಡಬೇಕೋ ಬೇಡವೋ, ಸ್ಮಶಾನಕ್ಕೆ ಬರಬೇಕೋ ಬೇಡವೋ ಎನ್ನುವುದನ್ನು ಮಗಳನ್ನೇ ಕೇಳಿ. ಕೇಳುವ ಮೊದಲು ಅಲ್ಲಿ ಏನೇನು ನಡೆಯುತ್ತದೆ ಎಂದು ಎರಡು ಮಾತಿನಲ್ಲಿ ಹೇಳಿ. ಬರುತ್ತೇನೆ ಎಂದರೆ ಅವಳ ಜೊತೆಗೆಂದೇ ಒಬ್ಬರನ್ನು ಗೊತ್ತುಮಾಡಿ. ಸೋದರಮಾವ, ಚಿಕ್ಕಮ್ಮ, ಯಾರಾದರೂ ಸರಿ. ಅವರಿಗೆ ಆ ದಿನ ಬೇರೆ ಯಾವ ಕೆಲಸವೂ ಇರಬಾರದು. ಬೇಡ ಎಂದರೆ ಒತ್ತಾಯಿಸಬೇಡಿ, ಆಮೇಲೆ ಅದನ್ನು ಎತ್ತಿ ಆಡುವುದೂ ಬೇಡ.

ಕಾರ್ಯದ ದಿನಗಳಲ್ಲಿ ಮುಟ್ಟಾದರೆ ಹುಡುಗಿಯನ್ನು ಹೊರಗೆ ಕೂರಿಸುವ ಮನೆಗಳು ಇನ್ನೂ ಇವೆ. ಹೆತ್ತ ತಾಯಿಯ ಕಾರ್ಯವನ್ನು ಬಾಗಿಲಾಚೆ ನಿಂತು ನೋಡಿದ ನೆನಪು ಸುಲಭಕ್ಕೆ ಮಾಸುವುದಿಲ್ಲ. "ಅವಳು ಒಳಗೇ ಇರ್ತಾಳೆ" ಎಂದು ಅಪ್ಪ ಒಂದು ಮಾತು ಹೇಳಿದರೆ ಸಾಕಾಗುತ್ತದೆ, ಆದರೆ ಆ ಮಾತು ಅಪ್ಪನ ಬಾಯಿಂದಲೇ ಬರಬೇಕು.

ಬಂದವರು ಹೇಳುವ ಮೂರು ಮಾತುಗಳಿಗೆ ಮೊದಲೇ ಸಿದ್ಧರಾಗಿರಿ. ಒಂದು, "ಅಳಬೇಡ, ನೀನು ಅತ್ತರೆ ಅಮ್ಮನ ಆತ್ಮಕ್ಕೆ ಶಾಂತಿ ಸಿಗಲ್ಲ". ಎರಡು, "ಇನ್ನು ಮನೆ ಜವಾಬ್ದಾರಿ ನಿಂದೇ ಕಣಮ್ಮಾ, ಅಪ್ಪನ್ನ ನೀನೇ ನೋಡ್ಕೋಬೇಕು". ಮೂರನೆಯದು ಅಡುಗೆಮನೆಯಲ್ಲಿ ಪಿಸುಮಾತಾಗಿ ಶುರುವಾಗಿ ಮಗಳ ಕಿವಿಗೂ ಬೀಳುವ ಎರಡನೇ ಮದುವೆಯ ಪ್ರಸ್ತಾಪ. ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಎರಡನೆಯದು, ಏಕೆಂದರೆ ಹುಡುಗಿ ಅದನ್ನು ನಿಜವೆಂದೇ ನಂಬಿ ಮರುದಿನದಿಂದ ಪಾತ್ರೆಗೆ ಕೈಹಾಕುತ್ತಾಳೆ. ಹೇಳಿದವರ ಎದುರಿಗೇ, ಮಗಳಿಗೆ ಕೇಳುವಂತೆ, "ಅವಳು ಓದ್ಕೊಂಡಿರಲಿ, ಮನೆ ನಾನು ನೋಡ್ಕೋತೀನಿ" ಎಂದುಬಿಡಿ. ಮದುವೆಯ ಮಾತಿಗೆ "ವರ್ಷ ತುಂಬೋ ತನಕ ಆ ಸುದ್ದಿ ಬೇಡ" ಎಂದರಾಯಿತು. ಅದನ್ನೂ ಮಗಳಿಗೆ ನೀವೇ ತಿಳಿಸಿ.

"ಜಾಗ ಬದಲಾದರೆ ಮನಸ್ಸು ಹಗುರಾಗುತ್ತೆ" ಎಂದು ಮಗಳನ್ನು ತಿಂಗಳುಗಟ್ಟಲೆ ಅಜ್ಜಿಯ ಊರಿಗೆ ಕಳಿಸುವುದು ಒಳ್ಳೆಯದಲ್ಲ. ಅಮ್ಮನ ಜೊತೆಗೇ ಮನೆ, ಶಾಲೆ, ಗೆಳತಿಯರು, ಅಪ್ಪ ಎಲ್ಲವನ್ನೂ ಕಳೆದುಕೊಂಡಂತೆ ಆಗುತ್ತದೆ. ಸಾಧ್ಯವಿದ್ದರೆ ಅಜ್ಜಿಯನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಿ.

ಕಾಗದಪತ್ರ: ಯಾವುದು ಮೊದಲು

ಮರಣ ನೋಂದಣಿಗೆ 21 ದಿನದ ಗಡುವು. ಅದರೊಳಗಾದರೆ ಶುಲ್ಕವಿಲ್ಲ. ಆಮೇಲೆ ದಂಡ, ಅನುಮತಿ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಎಂದು ಬೆಳೆಯುತ್ತ ಹೋಗುತ್ತದೆ. ನೋಂದಣಿ ಆಗುವುದು ಸಾವು ಎಲ್ಲಿ ಸಂಭವಿಸಿತೋ ಅಲ್ಲಿ. ಹಾಸನದವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪ್ರಮಾಣಪತ್ರ ಬೆಂಗಳೂರಿನಲ್ಲೇ. ಆಸ್ಪತ್ರೆಯವರು ವರದಿ ಕಳಿಸುವ ಮೊದಲು ಹೆಸರಿನ ಕಾಗುಣಿತ, ಗಂಡನ ಹೆಸರು, ವಿಳಾಸ ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯೇ ಎಂದು ನೋಡಿ. ಒಂದು ಅಕ್ಷರ ಬದಲಾದರೂ ಬ್ಯಾಂಕಿನಲ್ಲಿ, ಪಿಎಫ್ ಕಚೇರಿಯಲ್ಲಿ ಕಡತ ನಿಂತುಬಿಡುತ್ತದೆ. ಎಂಟು ಹತ್ತು ಪ್ರತಿ ಇಟ್ಟುಕೊಳ್ಳಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ (ಕುಟುಂಬದಲ್ಲಿ ಯಾರ್ಯಾರಿದ್ದಾರೆ ಎಂದು ತೋರಿಸುವ ಪ್ರಮಾಣಪತ್ರ) ಇದೇ ಸಮಯದಲ್ಲಿ ಅರ್ಜಿ ಹಾಕಿ.

ಅಮ್ಮನ ಎಟಿಎಂ ಕಾರ್ಡು, ಯುಪಿಐ ಬಳಸಿ ಹಣ ತೆಗೆಯಬೇಡಿ, ಪಿನ್ ಗೊತ್ತಿದ್ದರೂ ಸರಿ. ಬ್ಯಾಂಕಿಗೆ ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ ಕೊಟ್ಟು ಹಣ ಪಡೆಯಿರಿ. ದಾಖಲೆ ಸರಿಯಿದ್ದರೆ 15 ದಿನದಲ್ಲಿ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಪಾಸ್‌ಬುಕ್ ತೆರೆದು ಕಳೆದ ಮೇ, ಜೂನ್ ಪುಟ ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು, ಕ್ಲೇಮ್ ಮೊತ್ತ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ, ಸಾವು ಅಪಘಾತದಿಂದಾಗಿದ್ದರೆ 2 ಲಕ್ಷ. ಖಾತೆ ತೆರೆದ ದಿನ ಎಲ್ಲೋ ಸಹಿ ಹಾಕಿದ್ದು ಮನೆಯವರಿಗೇ ಗೊತ್ತಿರುವುದಿಲ್ಲ, ಹಾಗಾಗಿ ಇದನ್ನು ಕೇಳದೇ ಬಿಟ್ಟವರು ಬಹಳ. ಅಮ್ಮ ಗಾರ್ಮೆಂಟ್ಸ್‌ನಲ್ಲೋ ಬೇರೆ ಕಂಪನಿಯಲ್ಲೋ ಪಿಎಫ್ ಇರುವ ಕೆಲಸದಲ್ಲಿದ್ದರೆ ಮೂರು ಅರ್ಜಿಗಳು: ಪಿಎಫ್ ಹಣಕ್ಕೆ ಫಾರಂ 20, ಪಿಂಚಣಿಗೆ 10ಡಿ, ಇಡಿಎಲ್‌ಐ ಎಂಬ, ಪಿಎಫ್ ಜೊತೆಗೇ ಇರುವ ಜೀವವಿಮೆಗೆ 5ಐಎಫ್. ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ ಈ ವಿಮೆ 7 ಲಕ್ಷದವರೆಗೂ ಬರಬಹುದು. ಪಿಂಚಣಿ ಹೆಂಡತಿಗೆ ಮಾತ್ರ ಎಂದು ತಿಳಿದ ಗಂಡಸರಿದ್ದಾರೆ. ಹಾಗಲ್ಲ, ಗಂಡನಿಗೂ ಬರುತ್ತದೆ. ಜೊತೆಗೆ ಮಕ್ಕಳ ಪಿಂಚಣಿ ಬೇರೆ, ಇಬ್ಬರು ಮಕ್ಕಳವರೆಗೆ, 25 ವರ್ಷ ತುಂಬುವ ತನಕ.

ಒಡವೆಯ ವಿಷಯ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಹೆಂಗಸಿನ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ, ಗಂಡನಿಗೂ ಮಕ್ಕಳಿಗೂ ಸಮಪಾಲು. ಅಂದರೆ ಒಬ್ಬಳೇ ಮಗಳಿದ್ದರೆ ಅರ್ಧ ಅವಳದ್ದು. ಆಸ್ಪತ್ರೆಯ ಸಾಲಕ್ಕೆ ಒಡವೆ ಮಾರಲೇಬೇಕಾದ ಸ್ಥಿತಿ ಬರಬಹುದು, ಅದರಲ್ಲಿ ತಪ್ಪಿಲ್ಲ. ಅವಳಿಗೆ ಹೇಳದೆ ಮಾರುವುದು ತಪ್ಪು. ಒಂದು ದಿನ ಅಜ್ಜಿಯನ್ನೂ ಕೂರಿಸಿಕೊಂಡು ಯಾವ ಒಡವೆ, ಎಷ್ಟು ಗ್ರಾಂ, ಯಾರು ಕೊಟ್ಟದ್ದು ಎಂದು ಪಟ್ಟಿ ಮಾಡಿ. ಪಟ್ಟಿಯ ಒಂದು ಪ್ರತಿ ಮಗಳ ಹತ್ತಿರ ಇರಲಿ.

ರೇಷನ್ ಕಾರ್ಡಿನಲ್ಲಿ ಅಮ್ಮ ಕುಟುಂಬದ ಮುಖ್ಯಸ್ಥೆಯಾಗಿದ್ದರೆ, ಮನೆಯಲ್ಲಿ 18 ತುಂಬಿದ ಬೇರೆ ಹೆಂಗಸಿಲ್ಲದಿದ್ದಾಗ ಹಿರಿಯ ಗಂಡಸಿನ ಹೆಸರಿಗೆ ಕಾರ್ಡು ಬರುತ್ತದೆ. ಮಗಳಿಗೆ 18 ತುಂಬಿದ ದಿನ ಅವಳೇ ಮುಖ್ಯಸ್ಥೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಹೀಗೆ ಬರೆದಿದೆ.

ಅಡುಗೆಮನೆ

ಮಗಳನ್ನು ಇನ್ನೊಬ್ಬ ಅಮ್ಮನನ್ನಾಗಿ ಮಾಡಬಾರದು ಎಂಬ ಮಾತಿಗೆ ಪರೀಕ್ಷೆ ನಡೆಯುವುದು ಇಲ್ಲಿ. ಅಪ್ಪನಿಗೆ ಅನ್ನ, ಸಾರು, ಒಂದು ಪಲ್ಯ, ಚಪಾತಿ ಅಥವಾ ಮುದ್ದೆ, ಉಪ್ಪಿಟ್ಟು ಬಂದರೆ ವಾರ ಕಳೆಯುತ್ತದೆ. ಇಷ್ಟನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಕೆಲಸ ಹಂಚುವಾಗ ಹೀಗೆ ಲೆಕ್ಕ ಇಡಿ: ಅಮ್ಮ ಇದ್ದಾಗ ಮಗಳು ಎಷ್ಟು ಮಾಡುತ್ತಿದ್ದಳೋ ಅಷ್ಟು, ಅದರ ಮೇಲೆ ದಿನಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ಉಳಿದದ್ದು ಅಪ್ಪನದು, ಇಲ್ಲವೇ ಸಂಬಳ ಕೊಟ್ಟು ಇಟ್ಟುಕೊಂಡವರದು. ಅವಳು ತಾನಾಗಿ ಎಲ್ಲ ಹೊತ್ತುಕೊಂಡು ಅಚ್ಚುಕಟ್ಟಾಗಿ ನಡೆಸುತ್ತಿದ್ದರೆ ಹೆಮ್ಮೆಪಡುವ ಮುನ್ನ ಅವಳ ನಿದ್ದೆ, ಓದು, ಗೆಳತಿಯರ ಒಡನಾಟ ಹೇಗಿದೆ ನೋಡಿ. ಅಳಲು ಸಮಯ ಸಿಗಬಾರದೆಂದು ದುಡಿಯುವ ಮಕ್ಕಳಿದ್ದಾರೆ.

ಸಾರಿನ ಪುಡಿಯ ಡಬ್ಬಿ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮ್ಮ ಮಾಡಿಟ್ಟ ಪುಡಿ ಒಂದೆರಡು ತಿಂಗಳಲ್ಲಿ ತಳ ಕಾಣುತ್ತದೆ, ಎಷ್ಟೋ ಮನೆಗಳಲ್ಲಿ ಆ ದಿನ ಕಾರ್ಯದ ದಿನಕ್ಕಿಂತ ಕಷ್ಟದ್ದಾಗಿರುತ್ತದೆ. ಮುಗಿಯುವ ಮೊದಲೇ ಎರಡು ಚಮಚ ತೆಗೆದು ಚಿಕ್ಕ ಗಾಜಿನ ಶೀಶೆಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಅದೇ ನಿಮ್ಮ ಮಾದರಿ. ಅಮ್ಮನ ಅಳತೆ ಬರೆದಿಟ್ಟಿಲ್ಲದಿದ್ದರೆ ಅಜ್ಜಿಗೋ ಚಿಕ್ಕಮ್ಮನಿಗೋ ಫೋನು ಮಾಡಿ ಕೇಳಿ. ಅವರಿಗೂ ನೆನಪಿಲ್ಲದಿದ್ದರೆ ಹಳೇ ಮೈಸೂರು ಕಡೆಯ ಈ ಅಳತೆಯಿಂದ ಶುರುಮಾಡಿ: ಕೊತ್ತಂಬರಿ ಬೀಜ 200 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 100, ಗುಂಟೂರು 25, ಜೀರಿಗೆ 25, ಕಾಳುಮೆಣಸು 15, ಮೆಂತ್ಯ 10, ಸಾಸಿವೆ 10, ಒಂದು ಹಿಡಿ ಕರಿಬೇವು, ಕಡಲೆ ಗಾತ್ರದ ಇಂಗು, ಒಂದು ಚಮಚ ಅರಿಶಿನ. ಮೊದಲ ಸಲ ಇದರ ಕಾಲುಭಾಗ ಸಾಕು, ಕೆಟ್ಟರೂ ನಷ್ಟ ಕಡಿಮೆ.

ಒಂದೊಂದನ್ನೂ ಬೇರೆಬೇರೆ ಹುರಿಯಬೇಕು, ಉರಿ ಸಣ್ಣಗಿರಬೇಕು. ಕರಿಬೇವು ಕೈಯಲ್ಲಿ ಪುಡಿಯಾಗಬೇಕು, ಮೆಣಸಿನಕಾಯಿ ಗರಿಗರಿಯಾಗಬೇಕು, ಕಪ್ಪಾಗಬಾರದು. ಪುಡಿ ಕಹಿಯಾಯಿತೆಂದರೆ ಮೆಂತ್ಯ ಸೀದಿದೆ; ಅದು ಹೊಂಬಣ್ಣಕ್ಕೆ ಬಂದ ಕೂಡಲೇ ಇಳಿಸಬೇಕು. ಬಣ್ಣ ಬರಲಿಲ್ಲವೆಂದರೆ ಬ್ಯಾಡಗಿ ಹಳೆಯದು. ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿದರೆ ಹಬೆ ಸಿಕ್ಕಿ ಗಂಟುಕಟ್ಟುತ್ತದೆ, ಬೇಗ ಹಳಸುತ್ತದೆ. ಅಪ್ಪ ಹುರಿಯಲಿ, ಮಗಳು ಮೂಸಿ ಹೇಳಲಿ. ಅಮ್ಮನ ಪುಡಿಯ ವಾಸನೆ ಅವಳ ಮೂಗಿಗೆ ಹೆಚ್ಚು ಗೊತ್ತು. ಶೀಶೆಯ ಮಾದರಿಯ ಪಕ್ಕ ಇಟ್ಟು ನೋಡಿ, ಏನು ಹೆಚ್ಚು ಏನು ಕಡಿಮೆ ಎಂದು ಒಂದು ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಹತ್ತಿರ ಬರುತ್ತದೆ. ಹುರಿಯುತ್ತ ನಿಂತ ಒಂದು ಗಂಟೆಯಲ್ಲಿ ಅಮ್ಮನ ಮಾತು ತಾನಾಗಿ ಬರುತ್ತದೆ, ಕಣ್ಣಲ್ಲಿ ನೀರು ಬಂದರೆ ಮೆಣಸಿನಕಾಯಿಯ ಘಾಟು ಎಂದುಕೊಳ್ಳಲೂ ಬಹುದು.

ಮಾತು ಶುರುಮಾಡುವುದು

ಹದಿಹರೆಯದ ಮಗಳನ್ನು ಎದುರು ಕೂರಿಸಿಕೊಂಡು "ಮನಸ್ಸಲ್ಲಿ ಏನಿದೆ ಹೇಳು" ಎಂದರೆ "ಏನಿಲ್ಲ" ಎಂದಷ್ಟೇ ಬರುತ್ತದೆ. ಅಕ್ಕಪಕ್ಕ ಇದ್ದು ಕೈಗೆ ಕೆಲಸವಿದ್ದಾಗ ಮಾತು ಸುಲಭ. ಸ್ಕೂಟರಿನಲ್ಲಿ ಹೋಗುವಾಗ, ಬಟ್ಟೆ ಒಣಹಾಕುವಾಗ, ಅವರೆಕಾಯಿ ಸುಲಿಯುವಾಗ. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಬೀದಿಯಲ್ಲಿ ನಡೆದು ಬರುವ ರೂಢಿ ಮಾಡಿ, ವಾರಕ್ಕೆ ನಾಲ್ಕು ದಿನವಾದರೂ. ಇಬ್ಬರ ಫೋನೂ ಮನೆಯಲ್ಲಿ.

ಮೊದಲ ಮಾತು ಅಪ್ಪನದಾಗಿರಲಿ, ಚಿಕ್ಕದಾಗಿರಲಿ: "ಇವತ್ತು ಹಾಲು ತಗೋವಾಗ ಮರೆತು ಮೂರು ಪ್ಯಾಕೆಟ್ ಕೇಳಿಬಿಟ್ಟೆ, ಅಮ್ಮ ಇದ್ದಾಗಿನ ಹಾಗೆ." ಇಷ್ಟು ಹೇಳಿ ಸುಮ್ಮನಾಗಿ. ಅವಳು ಉತ್ತರ ಕೊಡದಿದ್ದರೂ ಈ ಮನೆಯಲ್ಲಿ ಅಮ್ಮನ ಬಗ್ಗೆ ಮಾತಾಡಬಹುದು ಎನ್ನುವುದು ಅವಳಿಗೆ ತಿಳಿಯುತ್ತದೆ. "ಇವತ್ತು ಬೇಡಪ್ಪ" ಎನ್ನುವ ಹಕ್ಕು ಇಬ್ಬರಿಗೂ ಇರಲಿ. ಮಗಳ ಎದುರು ಅತ್ತರೆ ತಪ್ಪಿಲ್ಲ. ಅತ್ತಾದ ಮೇಲೆ "ಈಗ ಹಗುರಾಯ್ತು, ನನ್ನ ಬಗ್ಗೆ ನೀನು ಚಿಂತೆ ಮಾಡಬೇಡ" ಎಂದು ಹೇಳುವುದನ್ನು ಮಾತ್ರ ಬಿಡಬೇಡಿ. ದಿನಾ ಕುಡಿದು ಬಂದು ಅಳುವುದು ಬೇರೆ. ಆಗ ಮಗಳು ಕಾವಲುಗಾತಿಯಾಗುತ್ತಾಳೆ.

ಇಬ್ಬರ ದುಃಖದ ವೇಳೆ ಒಂದೇ ಆಗಿರುವುದಿಲ್ಲ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಮಂಡಿಸಿದ ಒಂದು ವಿವರಣೆ ಇಲ್ಲಿ ನೆರವಿಗೆ ಬರುತ್ತದೆ. ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ತೂಗುಯ್ಯಾಲೆಯಂತೆ ಹೋಗಿಬರುತ್ತಾರೆ, ಅದೇ ಸಹಜ ಎನ್ನುತ್ತದೆ ಅದು. ನೀವು ಫೋಟೋ ಮುಂದೆ ಕೂತ ಸಂಜೆಯೇ ಅವಳು ಗೆಳತಿಯ ಜೊತೆ ಫೋನಿನಲ್ಲಿ ನಗುತ್ತಿರಬಹುದು. "ಅಮ್ಮ ಹೋಗಿ ಮೂರು ತಿಂಗಳಾಗಿಲ್ಲ, ಹೇಗೆ ನಗ್ತೀಯ" ಎಂಬ ಮಾತು ಒಂದೇ ಸಲ ಬಾಯಿಂದ ಜಾರಿದರೂ ಸಾಕು, ಅವಳು ನಿಮ್ಮ ಮುಂದೆ ನಗುವುದನ್ನೂ ಅಳುವುದನ್ನೂ ಎರಡನ್ನೂ ನಿಲ್ಲಿಸುತ್ತಾಳೆ. ಈ ವಯಸ್ಸಿನಲ್ಲಿ ದುಃಖ ಸಿಡುಕಿನ ರೂಪದಲ್ಲಿ, ಹೊಟ್ಟೆನೋವಿನ ರೂಪದಲ್ಲಿ, ರಾತ್ರಿಯಿಡೀ ಎಚ್ಚರವಿರುವ ರೂಪದಲ್ಲಿಯೂ ಬರುತ್ತದೆ. "ನೀನು ಅಮ್ಮನ ಥರ ಮಾಡಲ್ಲ" ಎಂದು ಅವಳು ಕೂಗಿದರೆ ಅದನ್ನು ದೂರೆಂದು ತಿಳಿಯದೆ "ಹೌದಮ್ಮ, ನನಗೂ ಗೊತ್ತು" ಎನ್ನಿ.

ಮಗಳಿಗೂ ಒಂದು ಮಾತು. ಅಪ್ಪ ಅಮ್ಮನ ಹೆಸರೆತ್ತದಿರುವುದು ಮರೆತದ್ದಕ್ಕಲ್ಲ, ಹೇಗೆ ಶುರುಮಾಡಬೇಕೋ ಗೊತ್ತಿಲ್ಲದ್ದಕ್ಕೆ. ಬಾಯಲ್ಲಿ ಆಗದಿದ್ದರೆ ಮೆಸೇಜು ಕಳಿಸು. ಪಕ್ಕದ ಕೋಣೆಯಿಂದ ಕಳಿಸಿದರೂ ಸರಿಯೇ.

ಮುಟ್ಟಿನ ವಿಷಯ

ಇದನ್ನು ಅತ್ತೆಗೆ, ಚಿಕ್ಕಮ್ಮನಿಗೆ ವಹಿಸಿಬಿಟ್ಟರೆ ಆಯಿತು ಎಂದು ಬಹಳ ಅಪ್ಪಂದಿರು ಭಾವಿಸುತ್ತಾರೆ. ಅವರು ಇರಲಿ, ಆದರೆ ರಾತ್ರಿ ಹನ್ನೊಂದಕ್ಕೆ ಪ್ಯಾಡ್ ಮುಗಿದಾಗ ಮನೆಯಲ್ಲಿರುವುದು ನೀವು. ಒಮ್ಮೆ ನೇರವಾಗಿ ಹೇಳಿ: "ಪ್ಯಾಡ್ ತರೋದು ಇನ್ನು ದಿನಸಿ ಜೊತೆ ನನ್ನ ಕೆಲಸ. ಯಾವುದು ಬೇಕು ಪಟ್ಟೀಲಿ ಬರಿ." ಅಮ್ಮ ತರುತ್ತಿದ್ದ ಬ್ರ್ಯಾಂಡು, ಅಳತೆ ಅವಳಿಗೆ ಗೊತ್ತಿರುತ್ತದೆ. ಯಾವಾಗಲೂ ಒಂದು ಪ್ಯಾಕೆಟ್ ಹೆಚ್ಚಿಗೆ ಕಪಾಟಿನಲ್ಲಿರಲಿ. ಬಚ್ಚಲಲ್ಲಿ ಮುಚ್ಚಳವಿರುವ ಕಸದ ಬುಟ್ಟಿ, ಪಕ್ಕದಲ್ಲಿ ಹಳೆಯ ಪತ್ರಿಕೆ ಇಡಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕಾಗುವುದರಿಂದ ಶಾಲೆಯ ಬ್ಯಾಗಿನಲ್ಲೂ ಎರಡಿರಲಿ.

ದುಃಖ, ನಿದ್ದೆಗೇಡು, ಊಟ ಬಿಡುವುದರಿಂದ ಮುಟ್ಟು ಹಿಂದೆಮುಂದೆ ಆಗುತ್ತದೆ. ಮೂರು ತಿಂಗಳು ಆಗದೇ ಇದ್ದರೆ, ಒಂದು ವಾರ ದಾಟಿದರೂ ನಿಲ್ಲದಿದ್ದರೆ, ಅಥವಾ ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ ವೈದ್ಯೆಯ ಹತ್ತಿರ ಕರೆದೊಯ್ಯಿರಿ. ಹೇಗೂ ಹೋದಾಗ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿನ ಹುಡುಗಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. "ಮಂಕಾಗಿದ್ದಾಳೆ, ಅಮ್ಮನ ಕೊರಗು" ಎಂದುಕೊಂಡದ್ದರಲ್ಲಿ ಅದರ ಪಾಲೂ ಇರಬಹುದು.

ಫೋನು, ಸೀರೆ, ಔಷಧಿ

ಅಮ್ಮನ ಫೋನಿನಲ್ಲಿ ಅವರ ದನಿ ಇದೆ. ಇದಕ್ಕೆ ಗಡುವಿದೆ. 90 ದಿನ ಬಳಕೆಯಿಲ್ಲದ ಸಿಮ್ ಹೋಗಬಹುದು. 120 ದಿನ ತೆರೆಯದ ವಾಟ್ಸ್ಯಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಹಾಗಾಗಿ ಮೊದಲ ತಿಂಗಳಲ್ಲೇ ಚಿಕ್ಕ ರೀಚಾರ್ಜ್ ಹಾಕಿಸಿ, ಮುಖ್ಯ ಚಾಟ್‌ಗಳನ್ನು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ. ದನಿ ಸಂದೇಶಗಳು ಓಪಸ್ ಎಂಬ ಕಡತಗಳಾಗಿ ಬರುತ್ತವೆ. ಒಂದು ಪೆನ್‌ಡ್ರೈವ್‌ಗೆ, ಒಂದು ಮೇಲ್‌ಗೆ, ಎರಡು ಕಡೆ ಇಡಿ. ಮಗಳು ಈಗಲೇ ಕೇಳಬೇಕೆಂದಿಲ್ಲ. ಅಮ್ಮನ ಬೇರೆ ಖಾಸಗಿ ಮಾತುಕತೆ ಓದುವುದು ಬೇಡ, ಇಬ್ಬರೂ.

ಸೀರೆಗಳನ್ನು ಹಂಚಲು ಬಂಧುಗಳು ಆತುರಪಡಿಸುತ್ತಾರೆ. ಕೆಲವು ಕುಲಗಳಲ್ಲಿ ಕಾರ್ಯದ ದಿನವೇ ಒಂದೆರಡು ಕೊಡುವ ಪದ್ಧತಿಯಿದೆ. ಅವನ್ನು ಮಗಳು ಆರಿಸಲಿ. ಉಳಿದ ಬೀರು ಆರು ತಿಂಗಳು ಹಾಗೇ ಇರಲಿ. ತೆರೆದಾಗ ಮೂರು ಗುಡ್ಡೆ: ಇಟ್ಟುಕೊಳ್ಳುವುದು, ಕೊಡುವುದು, ಇನ್ನೂ ಗೊತ್ತಿಲ್ಲ. ಮೂರನೆಯದು ಎಷ್ಟು ದೊಡ್ಡದಿದ್ದರೂ ಪರವಾಗಿಲ್ಲ. ವಾಸನೆ ಉಳಿಯಲಿ ಎಂದು ಒಗೆಯದ ಒಂದು ಸೀರೆಯನ್ನು ಮುಚ್ಚಿದ ಕವರಿನಲ್ಲಿ ಇಡಬಹುದು. ರೇಷ್ಮೆಯನ್ನು ಮಾತ್ರ ಪ್ಲಾಸ್ಟಿಕ್‌ನಲ್ಲಿ ಇಡಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಆಗಾಗ ಮಡಿಕೆ ಬದಲಿಸಿ.

ಅಮ್ಮನ ಔಷಧಿಗಳನ್ನು ಮೊದಲ ವಾರದಲ್ಲೇ ಮನೆಯಿಂದ ಹೊರಗೆ ಸಾಗಿಸಿ. ನೋವಿನ ಮಾತ್ರೆ, ನಿದ್ದೆ ಮಾತ್ರೆ, ಇನ್ಸುಲಿನ್ ಎಲ್ಲ. ಮಾರ್ಫಿನ್ ಇದ್ದರೆ ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ. ಹೊಲದ ಔಷಧಿಗಳಿಗೆ ಬೀಗ ಹಾಕಿ. ಇದು ಮುಂದೆ ಹೇಳುವ ವಿಷಯಕ್ಕೆ ಸೇರಿದ್ದು.

ಶಾಲೆ

ಮಗಳು ಮತ್ತೆ ಶಾಲೆಗೆ ಹೋಗುವ ಮೊದಲು ನೀವು ತರಗತಿ ಶಿಕ್ಷಕರನ್ನು ಕಂಡು ಮೂರು ವಿಷಯ ಮಾತಾಡಿ: ಸಹಪಾಠಿಗಳಿಗೆ ಏನು ಹೇಳಬೇಕು (ಮಗಳನ್ನು ಕೇಳಿಯೇ), ಅಳು ಬಂದರೆ ಎದ್ದು ಎಲ್ಲಿಗೆ ಹೋಗಬಹುದು, "ನಾಳೆ ಅಮ್ಮನ ಸಹಿ ತನ್ನಿ" ಎಂಬ ಮಾತು ಬರದಂತೆ ನೋಡಿಕೊಳ್ಳುವುದು. ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ವರ್ಷವಾದರೆ ನೋಂದಣಿ ತಪ್ಪಿಸಬೇಡಿ. 2024ರಿಂದ ರಾಜ್ಯ ಮಂಡಳಿಯ ಪರೀಕ್ಷೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಒಂದು ಕೆಟ್ಟರೆ ವರ್ಷ ಹೋಗುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿಡಿ.

ಯಾವಾಗ ತಡಮಾಡಬಾರದು

ತಿಂಗಳುಗಟ್ಟಲೆ ಅಳು ಬಂದುಹೋಗುವುದು ಕಾಯಿಲೆಯಲ್ಲ. ಆದರೆ ಆರು ತಿಂಗಳು ಕಳೆದರೂ ಹೆಚ್ಚುಕಡಿಮೆ ದಿನವೂ ಅದೇ ತೀವ್ರತೆ ಇದ್ದು, ಶಾಲೆ, ಊಟ, ಗೆಳೆತನ ಯಾವುದಕ್ಕೂ ಮನಸ್ಸು ತಿರುಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಅಪ್ಪನಿಗೂ ಇದೇ ಮಾತು.

ಕಾಯಲೇಬಾರದ ಲಕ್ಷಣಗಳು ಬೇರೆ: "ಅಮ್ಮನ ಹತ್ರ ಹೋಗಬೇಕು" ಎನ್ನುವುದು, ಇಷ್ಟದ ವಸ್ತುಗಳನ್ನು ಹಂಚುವುದು, ಸೆಕೆಯಲ್ಲೂ ತುಂಬುತೋಳು ತೊಡುವುದು, ತೋಳಿನ ಮೇಲೆ ಗಾಯ. ಆಗ ಸುತ್ತಿಬಳಸದೆ ಕೇಳಿ: "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ ಪುಟ್ಟಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. 18ರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಕೂಡಲೇ ಪ್ರಾಣಾಪಾಯವಿದ್ದರೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ 112ಕ್ಕೆ ಕರೆಮಾಡಿ.

ಹಬ್ಬ, ವರ್ಷಾಂತಿಕ

ಮೊದಲ ವರ್ಷ ಹಬ್ಬವಿಲ್ಲ ಎಂಬ ಪದ್ಧತಿ ಕೆಲವರಿಗೆ ಆಸರೆ, ಕೆಲವು ಮಕ್ಕಳಿಗೆ ಇನ್ನೊಂದು ಶಿಕ್ಷೆ. ಹಬ್ಬ ಮಾಡದಿದ್ದರೂ ಆ ದಿನ ಏನು ಮಾಡುತ್ತೀರಿ ಎನ್ನುವುದು ವಾರ ಮೊದಲೇ ಇಬ್ಬರಿಗೂ ಗೊತ್ತಿರಲಿ. ಏನೂ ಗೊತ್ತುಮಾಡದೆ ಎದುರಾದ ಗೌರಿ ಹಬ್ಬದ ಬೆಳಗ್ಗೆ, ಬೀದಿಯ ತುಂಬ ಬಾಗಿನದ ಮೊರ ಹಿಡಿದ ಹೆಂಗಸರು ಓಡಾಡುವಾಗ, ಮನೆಯೊಳಗೆ ಸುಮ್ಮನೆ ಕೂತಿರುವುದು ಕಷ್ಟ. ಮಹಾಲಯದಲ್ಲಿ ಎಡೆ ಇಡುವ ಮನೆಯಾದರೆ ಎಡೆಗೆ ಏನೇನು ಎಂಬ ಪಟ್ಟಿ ಮಗಳು ಬರೆಯಲಿ. ಅಮ್ಮ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದ ಖಾರಾ ಮಿಕ್ಸ್ಚರ್ ಆದರೂ ಇಡಿ. ಅಮ್ಮನ ಹುಟ್ಟಿದ ದಿನ, ಮಗಳ ಹುಟ್ಟಿದ ದಿನ, ಅಮ್ಮ ಆಸ್ಪತ್ರೆ ಸೇರಿದ ದಿನ, ಮೂರನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ವಾರಗಳಲ್ಲಿ ಸಿಡುಕು ಹೆಚ್ಚಾದರೆ ಕಾರಣ ಹುಡುಕಬೇಕಾಗುವುದಿಲ್ಲ.

ವರ್ಷಾಂತಿಕ ಮುಗಿದ ಮೇಲೆ ಬಂಧುಗಳ ಫೋನು ನಿಲ್ಲುತ್ತದೆ, ಎರಡನೇ ವರ್ಷ ಕೆಲವರಿಗೆ ಮೊದಲನೆಯದಕ್ಕಿಂತ ಭಾರ. ರಾತ್ರಿಯ ನಡಿಗೆ, ಪುಡಿ ಹುರಿಯುವ ಭಾನುವಾರ ನಿಲ್ಲಿಸಬೇಡಿ. ಮಗಳು ಓದಿಗೆಂದು ಹಾಸ್ಟೆಲ್‌ಗೆ ಹೊರಟಾಗ ಅವಳ ಪೆಟ್ಟಿಗೆಯಲ್ಲಿ ಅಮ್ಮನ ದನಿಯಿರುವ ಪೆನ್‌ಡ್ರೈವ್, ಒಡವೆಯ ಪಟ್ಟಿ, ಅಳತೆ ಬರೆದ ನೋಟುಬುಕ್ಕಿನ ನಕಲು ಇರಲಿ. ಅಸಲು ನೋಟುಬುಕ್ಕು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮುಂದಿನ ಪುಡಿಯನ್ನು ನೀವೊಬ್ಬರೇ ಹುರಿಯಬೇಕು.